ಕೈಗೆ ಸಿಗಬೇಕು, ಮೈಗೆ ತಾಗಬಾರದು

ನಲವತ್ತನಾಲ್ಕನೆಯ ಇಸವಿಯ ಮಾತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದ ರಸ್ತೆಗಳ ತುಂಬ ಮಿಲಿಟರಿ ಲಾರಿಗಳು, ಅಂಗಡಿಗಳ ಮುಂದೆ ಅಕ್ಕಿಗೂ ಸೀಮೆಎಣ್ಣೆಗೂ ಸಾಲು. ನಾನು ಹಲಸೂರಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಇದ್ದೆ. ಮಿಲಿಟರಿಯ ಒಂದು ಉಗ್ರಾಣದಲ್ಲಿ ಗುಮಾಸ್ತ. ಕಂಬಳಿ, ಬೂಟು, ತಗಡಿನ ಲೋಟ, ಇವುಗಳ ಯೋಗಕ್ಷೇಮ ವಿಚಾರಿಸುವುದು ನನ್ನ ಪಾಲಿಗೆ ಬಂದ ರಣರಂಗ. ಅಷ್ಟು ವರ್ಷದ ಯುದ್ಧದಲ್ಲಿ ನಾನು ಕುರ್ಚಿ ಬಿಟ್ಟು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ ಎಂಬುದನ್ನು ಇಲ್ಲಿ ವಿನಯದಿಂದ ನಮೂದಿಸುತ್ತೇನೆ.

ಆ ವರ್ಷದ ಶ್ರಾವಣದಲ್ಲಿ ನಮಗೆ ಗಂಡು ಮಗು ಹುಟ್ಟಿತು. ಸಂತೋಷದ ಸುದ್ದಿಯೇ. ಆದರೆ ನಮ್ಮ ಮನೆಯಲ್ಲಿ ಆ ಸಂತೋಷವನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ. ಅದಕ್ಕೆ ಕಾರಣವಿತ್ತು.

ಎರಡು ವರ್ಷದ ಹಿಂದೆ ನಮಗೊಂದು ಹೆಣ್ಣು ಮಗುವಾಗಿತ್ತು. ಇನ್ನೂ ಕತ್ತು ನಿಲ್ಲದ ಕೂಸು. ಒಂದು ಬೆಳಗ್ಗೆ ನನ್ನ ಹೆಂಡತಿ ಜಾನಕಿ ಎದ್ದು ನೋಡಿದರೆ ಮಗ್ಗುಲಲ್ಲಿದ್ದ ಮಗು ತಣ್ಣಗಾಗಿತ್ತು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಅತ್ತದ್ದೂ ಇಲ್ಲ. ಡಾಕ್ಟರಮ್ಮ ಬಂದು ನೋಡಿ, "ಕೆಲವು ಸಲ ಹೀಗಾಗುತ್ತೆ. ಯಾಕೆ ಅಂತ ನಮಗೂ ಗೊತ್ತಿಲ್ಲ" ಅಂದರು. ಮಣ್ಣು ಮಾಡಿ ಬಂದ ಸಂಜೆ ನೆರೆಯ ಹೆಂಗಸೊಬ್ಬಳು, ತನಗೆ ಮಾತ್ರ ಗೊತ್ತು ಅನ್ನುವ ಹಾಗೆ, "ಪಾಪ, ನಿದ್ದೆಗಣ್ಣಲ್ಲಿ ಮಗು ಮೇಲೆ ಹೊರಳಿಬಿಟ್ಟಳೋ ಏನೋ" ಅಂದಳು. ಡಾಕ್ಟರಮ್ಮನ ಮಾತು ಜಾನಕಿಯ ಕಿವಿಯಲ್ಲೇ ಉಳಿಯಿತು. ನೆರೆಯವಳ ಮಾತು ಎದೆಗೆ ಇಳಿಯಿತು.

ಹಾಗಾಗಿ ಈ ಎರಡನೆಯ ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನದಿಂದ ಜಾನಕಿ ಮಲಗಲೇ ಇಲ್ಲ. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂರುವಳು. ಹಾಸಿಗೆಯಲ್ಲಿ ಪಕ್ಕಕ್ಕೆ ಮಲಗಿಸಿಕೋ ಅಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು. "ನನ್ನ ಮೈ ಮೇಲೆ ನಂಗೇ ನಂಬಿಕೆ ಇಲ್ಲ" ಅನ್ನುವಳು. ಸರಿ, ತೊಟ್ಟಿಲಲ್ಲಿ ಹಾಕು ಅಂದರೆ ಅದೂ ಆಗದು. ನಮ್ಮ ಮನೆಯಲ್ಲಿ ತೊಟ್ಟಿಲಿನ ಕೊಂಡಿ ಇದ್ದದ್ದು ನಡುಮನೆಯ ತೊಲೆಗೆ. ಅವಳ ಮಂಚ ಒಳಕೋಣೆಯಲ್ಲಿ. ಆ ಕೋಣೆಯ ತೊಲೆ ಗೆದ್ದಲು ತಿಂದದ್ದು. ನಡುಮನೆಯ ತೊಟ್ಟಿಲಲ್ಲಿ ಮಗುವನ್ನು ಹಾಕಿದರೆ ಇವಳು ಮಂಚದಿಂದ ಎದ್ದೆದ್ದು ಬಂದು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು. ಹೋಗುವಳು. ಮತ್ತೆ ಬರುವಳು.

ನನ್ನ ತಾಯಿ ಊರಿಂದ ಬಾಣಂತನಕ್ಕೆ ಬಂದಿದ್ದಳು. ಜಾನಕಿಗೆ ತಾಯಿ ಇಲ್ಲ. ಅಮ್ಮ ತನಗೆ ತಿಳಿದ ಸಾಂತ್ವನಗಳನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ನನ್ನನ್ನು ತೋರಿಸಿ, "ನೋಡೇ ಜಾನು, ತೊಟ್ಟಿಲಲ್ಲಿ ಮಲಗಿದ ಮಗು ಹೇಗೆ ಬೆಳೀತದೆ ಅಂತ. ಎದುರಿಗೇ ಇದೆ" ಅಂದಳು. ಆ ಪ್ರದರ್ಶನದಿಂದ ಜಾನಕಿಗೆ ಧೈರ್ಯ ಬಂದಂತೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಜಾನಕಿ ಕೂತಲ್ಲೇ ತೂಕಡಿಸಿದಳು. ಮಗು ಮಡಿಲಿಂದ ಜಾರಿತು. ಪುಣ್ಯಕ್ಕೆ ಅಮ್ಮ ಅಲ್ಲೇ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಕೆಂಡದ ತಟ್ಟೆಯನ್ನು ಆ ಕಡೆ ಎಸೆದು ಮಗುವನ್ನು ಹಿಡಿದುಕೊಂಡಳು. ನಾನು ಬಂದಾಗ ಜಾನಕಿ ಅಳುತ್ತಲೂ ಇರಲಿಲ್ಲ. ಸುಟ್ಟ ಚಾಪೆಯನ್ನೇ ನೋಡುತ್ತ ಕೂತಿದ್ದಳು.

ಡಾಕ್ಟರಮ್ಮನನ್ನು ಕರೆಸಿದೆ. ಅವರು ನನ್ನನ್ನು ಜಗಲಿಗೆ ಕರೆದು, "ನೋಡಿ, ಮಗುವಿಗೆ ಏನೂ ಇಲ್ಲ. ಇವರು ನಿದ್ದೆ ಮಾಡದೆ ಹೋದರೆ ಹಾಲೂ ನಿಲ್ಲುತ್ತೆ, ತಲೆಯೂ ನಿಲ್ಲುತ್ತೆ. ಆಮೇಲೆ ನಾನು ಏನೂ ಮಾಡೋಕಾಗಲ್ಲ" ಅಂದರು. ಆಮೇಲೆ ಅವರೇ ಒಂದು ದಾರಿ ಹೇಳಿದರು. ಬಿಳಿ ದೊರೆಗಳ ಮನೆಗಳಲ್ಲಿ ಮಕ್ಕಳಿಗೆ ಸುತ್ತ ಕಂಬಿಯ ಕಟಾಂಜನವಿರುವ ಸಣ್ಣ ಮಂಚ ಇರುತ್ತದಂತೆ. ಅದರಲ್ಲಿ ಕೆಲವಕ್ಕೆ ಒಂದು ಪಕ್ಕ ಕೆಳಗೆ ಇಳಿಯುತ್ತದಂತೆ. ಆ ಪಕ್ಕವನ್ನು ತಾಯಿಯ ಮಂಚಕ್ಕೆ ಒತ್ತಿ ನಿಲ್ಲಿಸಿದರೆ ಮಗು ಬೇರೆ ಹಾಸಿಗೆಯಲ್ಲಿ ಇರುತ್ತದೆ, ಆದರೆ ತೋಳು ಚಾಚಿದರೆ ಸಿಗುತ್ತದೆ.

ಒಳಗಿಂದ ಜಾನಕಿ ಇದನ್ನು ಕೇಳಿಸಿಕೊಂಡಿದ್ದಳು. ಅಷ್ಟು ದಿನದ ಮೇಲೆ ಮೊದಲ ಸಲ ತಾನಾಗಿ ಮಾತಾಡಿದಳು.

"ಹೌದು. ಅಂಥದ್ದು. ಕೈಗೆ ಸಿಗಬೇಕು, ಮೈಗೆ ತಾಗಬಾರದು."

ತೊಟ್ಟಿಲು ಅನ್ನೋಣವೆಂದರೆ ತೂಗುವುದಿಲ್ಲ, ಮಂಚ ಅನ್ನೋಣವೆಂದರೆ ಉದ್ದವಿಲ್ಲ. ದಂಡಿನವರು ಅದಕ್ಕೆ 'ಕಾಟು' ಅನ್ನುತ್ತಿದ್ದರು. ಹೊಸದು ಮಾಡಿಸೋಣವೆಂದರೆ ಒಳ್ಳೆಯ ಮರವೆಲ್ಲ ಯುದ್ಧಕ್ಕೆ ಹೊರಟುಹೋಗಿತ್ತು. ಬಡಗಿ ಹಸಿ ಬೇವಿನ ಹಲಗೆ ತೋರಿಸಿ, "ಒಣಗಿದ ಮೇಲೆ ಸೊಟ್ಟ ಆದ್ರೆ ನನ್ನ ಬಯ್ಬೇಡಿ" ಎಂದು ಮೊದಲೇ ಕರಾರು ಹಾಕಿದ. ಆದ್ದರಿಂದ ಹಳೆಯದನ್ನೇ ಹುಡುಕುವುದೆಂದು ಗೃಹಮಂಡಲಿಯಲ್ಲಿ ತೀರ್ಮಾನವಾಯಿತು. ಮಂಡಲಿಯ ಅಧ್ಯಕ್ಷತೆ ಅಮ್ಮನದು. ಸದಸ್ಯನಾದ ನಾನು ಜಾನಕಿಯ ಮಂಚದ ಎತ್ತರಕ್ಕೆ ಒಂದು ದಾರ ಹಿಡಿದು ಗಂಟು ಹಾಕಿಕೊಂಡೆ. ಎರಡೂ ಹಾಸಿಗೆ ಒಂದೇ ಮಟ್ಟಕ್ಕೆ ಬರಬೇಕು. ಹೆಚ್ಚುಕಮ್ಮಿಯಾದರೆ ಮಗು ಉರುಳುತ್ತದೆ. ನಡುವೆ ಸಂದು ಇರಬಾರದು. ಕಾಲಿಗೆ ಗಾಲಿ ಇದ್ದರೆ ಕಳಚುವಂತಿರಬೇಕು, ಇಲ್ಲದಿದ್ದರೆ ಕಾಟು ತಾನಾಗಿ ದೂರ ಸರಿದುಬಿಡುತ್ತದೆ. ಇನ್ನು ಕಂಬಿಗಳ ವಿಷಯ ಬಂದಾಗ ಅಮ್ಮ ಒಳಗೆ ಹೋಗಿ ಸುಲಿದ ತೆಂಗಿನಕಾಯಿ ತಂದು ನನ್ನ ಕೈಗಿಟ್ಟಳು.

"ಇದೇನಮ್ಮ?"

"ಕಂಬಿ ಮಧ್ಯೆ ತೂರಿಸಿ ನೋಡು. ಕಾಯಿ ತೂರಿದ್ರೆ ಮಗು ತಲೇನೂ ತೂರುತ್ತೆ. ಅಂಥದ್ದು ಬೇಡ."

ಹೀಗೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತೆಂಗಿನಕಾಯಿ, ಜೇಬಿನಲ್ಲಿ ಗಂಟು ಹಾಕಿದ ದಾರ. ರಜೆ ಹಾಕಿ ದಂಡಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದು ಕಡೆ ಕಾಟು ನೋಡಲು ಚೆಂದ. ಅಲ್ಲಾಡಿಸಿದರೆ ಸನ್ನಿ ಹಿಡಿದಂತೆ ನಡುಗಿತು. ಇನ್ನೊಂದು ಕಡೆ ಕಬ್ಬಿಣದ್ದು. ಬಣ್ಣ ಹೊಪ್ಪಳೆ ಎದ್ದು ಉದುರುತ್ತಿತ್ತು, ಮಗು ಕೈ ಬಾಯಿಗೆ ಹಾಕಿದರೆ ಏನು ಗತಿ? ಮತ್ತೊಂದು ಕಡೆ ಕಂಬಿಗಳ ನಡುವೆ ಕಾಯಿ ಯಾವ ಅಡ್ಡಿಯೂ ಇಲ್ಲದೆ ತೂರಿ ಆ ಕಡೆ ಬಿದ್ದು, ಇಳಿಜಾರು ರಸ್ತೆಗೆ ಉರುಳಿ, ಒಂದು ಜಟಕಾ ಕುದುರೆಯ ಕಾಲಡಿಗೆ ಹೋಯಿತು. ಜಟಕಾದವನು ನನಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಒಡೆಯದೆ ಉಳಿದ ಕಾಯಿಯನ್ನು ಹೆಕ್ಕಿಕೊಂಡು, ಕೊನೆಗೆ ಶಿವಾಜಿನಗರದಲ್ಲಿ, ಆಗ ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು, ಖಾದರ್ ಸಾಹೇಬರ ಅಂಗಡಿಗೆ ಹೋದೆ. ದೊರೆಗಳು ಬಂಗಲೆ ಖಾಲಿ ಮಾಡುವಾಗ ಸಾಮಾನನ್ನು ಒಟ್ಟಿಗೆ ಕೊಂಡು ಮಾರುವವರು. ನನ್ನನ್ನು ನೋಡಿದವರೇ ಗಡ್ಡ ನೀವಿಕೊಂಡು, "ಅರೆ ಸಾಮಿ, ತೆಂಗಿನಕಾಯಿ ತಂದ್ಬಿಟ್ರಾ? ನಮ್ ಅಂಗಡಿ ಓಪನಿಂಗ್ ಆಗಿ ಮೂವತ್ತು ವರ್ಷ ಆಯ್ತಲ್ಲಾ!" ಅಂದರು.

ವಿಷಯ ಹೇಳಿದೆ. ಅವರ ನಗು ನಿಂತಿತು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಗೋಣಿಚೀಲ ಎಳೆದರು. ತೇಗದ ಕಾಟು. ಎಷ್ಟು ಅಲ್ಲಾಡಿಸಿದರೂ ಕಲ್ಲಿನ ಹಾಗೆ ನಿಂತಿತ್ತು. ಒಂದು ಪಕ್ಕ ಎತ್ತಿ ಬಿಟ್ಟರೆ ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು. ದಾರ ಹಿಡಿದೆ, ಎತ್ತರ ನಮ್ಮ ಮಂಚದ ಮಟ್ಟವೇ. ಕಾಯಿ ತೂರಿಸಲು ನೋಡಿದೆ; ತೂರಲಿಲ್ಲ. ಮೇಲಿನ ಪಟ್ಟಿಯ ಮೇಲೆ ಸಣ್ಣ ಸಣ್ಣ ಕಚ್ಚುಗಳಿದ್ದವು, ಇಲಿ ಕಡಿದ ಹಾಗೆ. ಅದೊಂದೇ ಊನ.

"ತಗೊಂಡ್ಹೋಗಿ ಸಾಮಿ. ಬೀಬಿಗೆ ನಿದ್ದೆ ಬರ್ಲಿ" ಅಂದರು ಖಾದರ್ ಸಾಹೇಬರು. ಬೆಲೆಯಲ್ಲಿ ನನ್ನನ್ನು ಹಿಂಸಿಸಲಿಲ್ಲ.

ಕಾಟನ್ನು ಕೈಗಾಡಿಗೆ ಏರಿಸಿ, ಹಿಂದೆ ಹಿಂದೆ ವಿಜಯಿಯಂತೆ ನಡೆದುಕೊಂಡು ಮನೆ ಮುಟ್ಟಿದೆ. ಬಾಗಿಲಲ್ಲಿ ಅಮ್ಮ ಕೈ ಅಡ್ಡ ಹಿಡಿದಳು.

"ಇದು ಯಾರ ಮನೇದು?"

"ಯಾರೋ ದೊರೆಯದ್ದಂತೆ."

"ಇದರಲ್ಲಿ ಮಲಗಿದ ಮಗು ಚೆನ್ನಾಗಿದೆಯಾ?"

ದಾರ, ಕಾಯಿ, ಗಾಲಿ, ಸಂದು, ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು. ಇದಕ್ಕಿರಲಿಲ್ಲ.

"ನಂಗೇನು ಗೊತ್ತಮ್ಮ?"

"ಹಾಗಾದ್ರೆ ಹೊಸ್ತಿಲು ದಾಟಿಸಬೇಡ" ಅಂದಳು.

ನಗುವವರು ನಗಬಹುದು. ಆದರೆ ಅಮ್ಮ ಈ ಮಾತನ್ನು ಆಡಿದ್ದು ಪಂಚಾಂಗ ನೋಡಿ ಅಲ್ಲ. ನನಗಿಂತ ಮೊದಲು ಅವಳಿಗೆ ಎರಡು ಮಕ್ಕಳಾಗಿ ಎರಡೂ ಒಂದೇ ತೊಟ್ಟಿಲಿನಿಂದ ಹೋದವು. ಆ ತೊಟ್ಟಿಲನ್ನು ಅವಳೇ ಒಡೆದು ಒಲೆಗೆ ಹಾಕಿದಳಂತೆ. ನಾನು ಹುಟ್ಟಿದಾಗ, ಮಕ್ಕಳೆಲ್ಲ ಬೆಳೆದು ನಿಂತ ಮನೆಯೊಂದನ್ನು ಹುಡುಕಿ, ಸೆರಗೊಡ್ಡಿ ಅವರ ತೊಟ್ಟಿಲು ಬೇಡಿ ತಂದಳಂತೆ. ನಾನು ಉಳಿದೆ. ಅವಳ ಶಾಸ್ತ್ರಕ್ಕೆ ನಾನೇ ಪುರಾವೆಯಾಗಿರುವಾಗ ಅದರ ವಿರುದ್ಧ ವಾದ ಮಾಡುವುದು ಹೇಗೆ?

ಅಷ್ಟರಲ್ಲಿ ಜಾನಕಿ ಬಾಗಿಲ ಹತ್ತಿರ ಬಂದು ಕಾಟನ್ನು ನೋಡಿದಳು. ಇಳಿದ ಪಕ್ಕವನ್ನು ನೋಡಿದಳು. ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. "ಅತ್ತೆ ಹೇಳೋದು ಸರಿ. ಕೇಳಿಕೊಂಡು ಬನ್ನಿ" ಅಂದಳು ನನಗೆ.

ಖಾಲಿ ತೊಟ್ಟಿಲು ಮನೆ ಮುಂದೆ ಇಡಬಾರದಂತೆ. ಅದಕ್ಕಾಗಿ ಅಮ್ಮ ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಹಚ್ಚಿ, ಬಟ್ಟೆ ಸುತ್ತಿ ಕಾಟಿನಲ್ಲಿ ಮಲಗಿಸಿದಳು. ನಮ್ಮ ಮನೆಯ ಪರಿಸ್ಥಿತಿ ಈಗ ಹೀಗಾಯಿತು: ಮಗು ನೆಮ್ಮದಿಯಿಲ್ಲದೆ ಮಡಿಲಲ್ಲಿ, ತಾಯಿ ನಿದ್ದೆಯಿಲ್ಲದೆ ಗೋಡೆಗೆ, ಗುಂಡುಕಲ್ಲು ಮಾತ್ರ ಜಗಲಿಯ ಮೇಲೆ ತೇಗದ ಕಾಟಿನಲ್ಲಿ ಸುಖನಿದ್ರೆಯಲ್ಲಿ.

ಮರುದಿನ ಖಾದರ್ ಸಾಹೇಬರ ಹತ್ತಿರ ಓಡಿದೆ. ನನ್ನ ಪ್ರಶ್ನೆ ಕೇಳಿ ಅವರಿಗೆ ನಗು ಬರಲಿಲ್ಲ. "ನಮ್ಮಲ್ಲೂ ಹಿಂಗೇ ಕೇಳ್ತಾರೆ ಸಾಮಿ. ನಾನು ಯೋಚ್ನೆ ಮಾಡ್ಬೇಕಿತ್ತು" ಅಂದರು. ದೊರೆ ಬರ್ಮಾ ಗಡಿಯ ಕಡೆ ಯುದ್ಧಕ್ಕೆ ಹೋಗಿದ್ದಾನೆ, ದೊರೆಸಾನಿ ಮಗುವಿನ ಜೊತೆ ವಿಲಾಯತಿಗೆ ಹೋಗಿ ಬಹಳ ದಿನವಾಯಿತು, ಬಂಗಲೆಯನ್ನು ಈಗ ಮಿಲಿಟರಿಯವರು ತೆಗೆದುಕೊಂಡಿದ್ದಾರೆ. ಇಷ್ಟೇ ಅವರಿಗೆ ಗೊತ್ತಿದ್ದದ್ದು. "ಮಗೂನ ಸಾಕಿದ ಆಯಾ ಮರ್ಫಿ ಟೌನಲ್ಲಿ ಇದಾಳೆ. ಅಂಜಲೆ ಅಂತ. ಅವಳನ್ನ ಕೇಳಿ."

ಮರ್ಫಿ ಟೌನಿನಲ್ಲಿ ಎರಡು ಬೀದಿ ಅಲೆಯುವುದರೊಳಗೆ ಅಂಜಲೆ ಸಿಕ್ಕಿದಳು. ನಡುವಯಸ್ಸು, ತೆಳ್ಳಗಿನ ಮೈ, ಆಯಾಗಳು ಉಡುವ ಬಿಳಿ ಸೀರೆ. ಕೆಲಸ ಹೋಗಿ ಎರಡು ವರ್ಷವಾಗಿದ್ದರೂ ಸೀರೆ ಮಾತ್ರ ಬಿಟ್ಟಿರಲಿಲ್ಲ. ಕಲ್ಲು ಆರಿಸಲು ರಾಗಿ ಮೊರ ಹಿಡಿದು ಕೂತಿದ್ದಳು.

"ನಿನ್ನ ದೊರೆಸಾನಿಯ ಮಗುವಿನ ಕಾಟು ನಮ್ಮ ಮನೆಗೆ ಬಂದಿದೆ" ಅಂದೆ.

ಮೊರ ಕೆಳಗಿಟ್ಟಳು. "ಜಾನಿ ಬಾಬಾ ಕಾಟಾ? ನಿಮ್ ಮನೇಲಾ ಇದೆ? ಮಳೇಲಿ ನೆನೀತಾ ಇಲ್ಲ ಅಲ್ಲಾ?"

ಇಲ್ಲ ಅಂದೆ. ಆಮೇಲೆ ತಡವರಿಸುತ್ತ ಅಮ್ಮನ ಪ್ರಶ್ನೆಯನ್ನು ಅವಳ ಮುಂದಿಟ್ಟೆ. ಅಂಜಲೆ ನನ್ನ ಮುಖವನ್ನೇ ನೋಡಿದಳು. "ಇರಿ ಸಾಮಿ, ಬರ್ತೀನಿ. ಅಮ್ಮನ ಹತ್ರಾನೇ ಹೇಳ್ತೀನಿ. ನಂಗೂ ಒಂದ್ಸಲ ಅದನ್ನ ನೋಡ್ಬೇಕು" ಎಂದು ಮೊರವನ್ನು ಪಕ್ಕದ ಮನೆಯವಳಿಗೆ ಕೊಟ್ಟು ಹೊರಟೇಬಿಟ್ಟಳು.

ದಾರಿಯಲ್ಲಿ ನಾನು ಕೇಳದೆಯೇ ಹೇಳಿದಳು. ಬಾಬಾ ಹುಟ್ಟಿದ ವಾರದಿಂದ ಐದು ವರ್ಷ ತುಂಬುವವರೆಗೆ ಅವಳ ಕೈಯಲ್ಲೇ ಬೆಳೆದದ್ದು. ತಮಿಳಿನಲ್ಲೇ ಮಾತು, ಅವಳ ಕೈಯಲ್ಲೇ ಊಟ. ಜಪಾನಿನವರು ಬರುತ್ತಾರೆ ಅನ್ನುವ ಗಾಬರಿ ಎದ್ದಾಗ ದೊರೆಸಾನಿ ಮಗುವನ್ನು ಕರೆದುಕೊಂಡು ಹೊರಟಳು. ದಂಡು ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದ್ದು ಅಂಜಲೆ. ಬೊಂಬಾಯಿಯಿಂದ ಹಡಗು. ಊರು ಮುಟ್ಟಿದ ಕೂಡಲೇ ಕಾಗದ ಬರೆಯುತ್ತೇನೆ ಅಂದಿದ್ದಳಂತೆ ದೊರೆಸಾನಿ.

"ಬಂತಾ?" ಅಂದೆ.

"ಯುದ್ಧ ಅಲ್ವಾ ಸಾಮಿ" ಅಂದಳು ಅಂಜಲೆ.

ನನ್ನ ಕಾಲು ನಿಧಾನವಾಯಿತು. ಆ ಕಾಲದಲ್ಲಿ ದಾರಿಯಲ್ಲೇ ಎಷ್ಟು ಹಡಗುಗಳು ಮುಳುಗುತ್ತಿದ್ದವು ಎಂಬುದು ಉಗ್ರಾಣದ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಬರಬೇಕಾದ ಸರಕು ಬಾರದೆ ಇದ್ದಾಗ ನಾವು ಕಾರಣ ಕೇಳುತ್ತಿರಲಿಲ್ಲ. ಅಂಜಲೆಗೂ ಗೊತ್ತಿತ್ತು, ಮರ್ಫಿ ಟೌನಿನಲ್ಲೂ ಪೇಪರು ಓದಿ ಹೇಳುವವರು ಇದ್ದರು. ಅಮ್ಮನ ಪ್ರಶ್ನೆಗೆ ಒಪ್ಪಿಗೆಯಾಗುವ ಉತ್ತರ ಒಂದೇ. ಅದು ಈ ಹೆಂಗಸಿನ ಹತ್ತಿರ ಇಲ್ಲ. ಇನ್ನು ಈ ಕಾಟು ನಮ್ಮದಲ್ಲ, ಜಾನಕಿಯನ್ನು ಏನು ಮಾಡಲಿ, ಎಂದು ಯೋಚಿಸುತ್ತ ಮನೆಯವರೆಗೆ ನಡೆದೆ.

ಜಗಲಿ ಹತ್ತಿದವಳೇ ಅಂಜಲೆ ಕಾಟಿನ ಹತ್ತಿರ ಹೋದಳು. ಗುಂಡುಕಲ್ಲನ್ನು ಕಂಡು ಅವಳಿಗೆ ಏನೂ ವಿಚಿತ್ರವೆನಿಸಲಿಲ್ಲ. ಮೇಲಿನ ಪಟ್ಟಿಯ ಕಚ್ಚುಗಳ ಮೇಲೆ ಬೆರಳಾಡಿಸಿದಳು. "ಹಲ್ಲು ಬರುವಾಗ ಕಚ್ಚಿದ್ದು. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ, ಪೋಕಿರಿ" ಅಂದಳು. ನಾನು ಇಲಿ ಅಂದುಕೊಂಡದ್ದು ಮಗುವಿನ ಹಲ್ಲು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ, ಒಳಕೋಣೆಯ ಬಾಗಿಲಿಗೆ ಒರಗಿ, ಮಗುವನ್ನು ಅಪ್ಪಿಕೊಂಡು ಜಾನಕಿ.

"ನೀನೇ ಏನಮ್ಮ ಆ ಮಗೂನ ಸಾಕಿದ್ದು?" ಅಂದಳು ಅಮ್ಮ.

"ಆಮಾ ತಾಯಿ. ನಾನೇ."

"ಮಗು ಚೆನ್ನಾಗಿದೆಯಾ?"

"ಚೆನ್ನಾಗಿದಾನೆ ತಾಯಿ."

"ನೀನು ಕೊನೇಲಿ ನೋಡಿದ್ದು ಯಾವಾಗ?"

"ರೈಲು ಹತ್ತಿಸಿದಾಗ. ಕಿಟಕೀಲಿ ಕೈ ಹಾಕಿ ನನ್ನ ಸೆರಗು ಹಿಡ್ಕೊಂಡಿದ್ದ. ದೊರೆಸಾನಿ ಬಿಡಿಸಿದ್ರು."

"ಆಮೇಲೆ?"

"ಆಮೇಲೆ ಹಡಗು."

"ಹಡಗು ಊರು ಮುಟ್ಟಿತಾ?"

ಅಂಜಲೆಯ ಬೆರಳು ಕಾಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದದ್ದು ನನಗೆ ಕಂಡಿತು. ಏನಾದರೂ ಹೇಳಿ ಅಮ್ಮನನ್ನು ತಡೆಯಬೇಕು ಅನ್ನಿಸಿತು. ಅಷ್ಟರಲ್ಲಿ ಒಳಗಿಂದ ಜಾನಕಿ ಮೆಲ್ಲಗೆ, "ಅತ್ತೇ, ಸಾಕು" ಅಂದಳು.

ಅಂಜಲೆ ತಲೆಯೆತ್ತಿದಳು. "ಮುಟ್ಟಿದೆ ತಾಯಿ" ಅಂದಳು. "ಮುಟ್ಟದೆ ಎಲ್ಲಿಗೆ ಹೋಗುತ್ತೆ?"

ಅಮ್ಮ ಅವಳನ್ನು ನೋಡಿದಳು. ನನ್ನ ಅಮ್ಮ ಸುಳ್ಳನ್ನು ವಾಸನೆಯಲ್ಲೇ ಕಂಡುಹಿಡಿಯುವ ಹೆಂಗಸು. ಬಾಲ್ಯದಲ್ಲಿ ನಾನು ಅದರ ಫಲ ಅನುಭವಿಸಿದವನು. ಈಗ ಬೇಡ ಅಂದುಬಿಡುತ್ತಾಳೆ ಎಂದು ಕಾದೆ. ಬೇಡ ಅಂದರೆ ಅದರ ಅರ್ಥವೇನೆಂದು ಆಗ ನನಗೆ ಹೊಳೆದಿರಲಿಲ್ಲ. ಆ ಹೆಂಗಸಿನ ಮುಂದೆ ನಿಂತು, ನಿನ್ನ ಮಗು ಸತ್ತಿದೆ ಅಂದ ಹಾಗೆ. ಅಮ್ಮನಿಗೆ ಹೊಳೆದಿತ್ತು.

"ಹೌದು" ಅಂದಳು ಅಮ್ಮ. "ಮುಟ್ಟದೆ ಎಲ್ಲಿಗೆ ಹೋಗುತ್ತೆ."

ಆಮೇಲೆ ನನ್ನ ಕಡೆ ತಿರುಗಿ ಗದರಿದಳು: "ಏನೋ ನಾಣಿ, ಕಂಬದ ಹಾಗೆ ನಿಂತಿದೀಯ? ಎತ್ತು ಆ ಕಡೆ, ಒಳಗೆ ತಗೊಂಡ್ಬಾ. ಮಗು ಚೆನ್ನಾಗಿದೆಯಂತೆ, ಕೇಳಿಸಲಿಲ್ವಾ?"

ನಾನು, ಅಂಜಲೆ ಇಬ್ಬರೂ ಸೇರಿ ಕಾಟನ್ನು ಒಳಗೆ ತಂದೆವು. ನಮ್ಮ ಮನೆಯ ನಡುಮನೆಯಲ್ಲಿ ಯಾರು ಕಾಲಿಡಬಹುದು, ಯಾರು ಇಡಬಾರದು ಎಂಬುದಕ್ಕೆ ಅಮ್ಮನ ಹತ್ತಿರ ದೊಡ್ಡ ಕಾನೂನೇ ಇತ್ತು. ಅಂಜಲೆ ಹೊಸ್ತಿಲಲ್ಲಿ ಹಿಂಜರಿದು ನಿಂತಾಗ ಅಮ್ಮ ಆ ಕಾನೂನು ನೆನಪಿಲ್ಲದವಳಂತೆ ಗೋಡೆ ನೋಡುತ್ತಿದ್ದಳು. ಕಾಟನ್ನು ಜಾನಕಿಯ ಮಂಚಕ್ಕೆ ಒತ್ತಿ ನಿಲ್ಲಿಸಿ, ಎರಡರ ಕಾಲುಗಳನ್ನೂ ಹಗ್ಗದಿಂದ ಬಿಗಿದೆವು. ನಡುವೆ ಬೆರಳೂ ಹೋಗದ ಹಾಗೆ ಅಮ್ಮ ಹಳೆಯ ಸೀರೆ ಮಡಿಸಿ ಒತ್ತಿದಳು.

ಮೊದಲ ಸಲ ಮಗುವನ್ನು ಮಲಗಿಸುವವರು ಮಕ್ಕಳು ಚೆನ್ನಾಗಿರುವ ಹೆಂಗಸಾಗಿರಬೇಕು ಎಂಬುದು ಶಾಸ್ತ್ರ. ಅಮ್ಮ ಜಾನಕಿಯ ತೋಳಿನಿಂದ ಮಗುವನ್ನು ಎತ್ತಿ ಅಂಜಲೆಯ ಕೈಗೆ ಕೊಟ್ಟಳು.

"ನಾನಾ ತಾಯಿ? ನಂಗೆ ಮಕ್ಕಳಿಲ್ಲ. ಅದು ದೊರೆಸಾನಿ ಮಗು."

"ಹೆತ್ತದ್ದು ಅವಳಿರಬಹುದು. ಎದ್ದು ಕೂತು ಸಾಕಿದ್ದು ಯಾರು? ಮಲಗಿಸು."

ಅಂಜಲೆ ಮಗುವನ್ನು ಅಂಗಾತ ಮಲಗಿಸಿ, ಎದೆಯ ಮೇಲೆ ಅಂಗೈ ಇಟ್ಟು, ಏನೋ ಗುನುಗಿದಳು. ತಮಿಳು ಪದ, ನನಗೆ ಪೂರ್ತಿ ತಿಳಿಯಲಿಲ್ಲ. ಮಗು ಮಲಗಿತು. ಅವಳು ಮಾತ್ರ ಕೈ ತೆಗೆಯುವುದಕ್ಕೆ ಬಹಳ ಹೊತ್ತು ಮಾಡಿದಳು.

ಜಾನಕಿ ಮಂಚದ ಮೇಲೆ ಮಲಗಿ ತೋಳು ಚಾಚಿದಳು. ಅವಳ ಕೈ ಮಗುವಿನ ಹೊಟ್ಟೆಯ ಮೇಲೆ ಸರಿಯಾಗಿ ಬಂದು ಕೂತಿತು. ಅವಳ ಮೈಗೂ ಮಗುವಿಗೂ ನಡುವೆ ಒಂದು ತೋಳಿನ ದೂರ. ಕಣ್ಣು ಮುಚ್ಚಿದಳು. ಅಮ್ಮ ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಮಾಡಬಾರದೆಂದು ಆ ಮಧ್ಯಾಹ್ನ ಒಲೆಯನ್ನೇ ಹಚ್ಚಲಿಲ್ಲ. ನಾನೂ ಅವಳೂ ನಿನ್ನೆಯ ಅವಲಕ್ಕಿ ತಿಂದೆವು.

ದೀಪ ಹಚ್ಚುವ ಹೊತ್ತಿಗೆ ಜಾನಕಿ ಎದ್ದಳು. ಮಗುವಿನ ಉಸಿರು ನೋಡಿದಳು. ಆಮೇಲೆ ಕಾಟಿನ ಕಂಬಿಯನ್ನು ಹಿಡಿದುಕೊಂಡು ಅತ್ತಳು. ಮಗಳು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

"ಅವಳಿಗೂ ಇಂಥದ್ದೊಂದು ತಂದಿದ್ರೆ ಆಗ್ತಿತ್ತಲ್ಲಾ" ಅಂದಳು.

ನನಗೆ ಯಾವ ಉತ್ತರವೂ ತೋಚಲಿಲ್ಲ. ಆ ಮೇಲೆ ಎಷ್ಟೋ ವರ್ಷ ನಾವಿಬ್ಬರೂ ಮೊದಲ ಮಗುವಿನ ಹೆಸರೆತ್ತಲಿಲ್ಲ.

ಹುಡುಗ ಬೆಳೆದ. ಅವನ ಹುಟ್ಟಿದ ಹಬ್ಬಕ್ಕೆ ಅಂಜಲೆ ಪ್ರತಿ ವರ್ಷ ಬರುತ್ತಿದ್ದಳು. ಅಮ್ಮ ಅವಳಿಗೆ ತಟ್ಟೆ ಇಟ್ಟು ಎದುರಿಗೆ ಕೂತು, "ನಿನ್ನ ಹುಡುಗ ಹೇಗಿದಾನೆ?" ಎಂದು ಕೇಳುವಳು. "ಚೆನ್ನಾಗಿದಾನೆ ತಾಯಿ. ಈಗ ದೊಡ್ಡ ಸ್ಕೂಲಿಗೆ ಹೋಗ್ತಾನೆ." ಮುಂದಿನ ವರ್ಷ, "ಸೈಕಲ್ ತುಳೀತಾನೆ." ಅಮ್ಮ ಸುಮ್ಮನೆ ಕೇಳುವವಳಲ್ಲ. "ಬೀದೀಲಿ ಬಿಡಬೇಡ ಅನ್ನು, ಬಿದ್ದು ಮಂಡಿ ಒಡ್ಕೋತಾನೆ. ಅಲ್ಲ, ಆ ಚಳಿ ದೇಶದಲ್ಲಿ ತಲೆಗೆ ಎಣ್ಣೆ ಹಚ್ಚೋರು ಯಾರೇ?" ಹೀಗೆ ಅವರಿಬ್ಬರೂ ಕೂತು, ಎಲ್ಲಿದ್ದಾನೋ ಇದ್ದಾನೋ ಇಲ್ಲವೋ ತಿಳಿಯದ ಒಬ್ಬ ಹುಡುಗನನ್ನು ನಮ್ಮ ಜಗಲಿಯ ಮೇಲೆ ಬೆಳೆಸಿದರು. ಯುದ್ಧ ಮುಗಿಯಿತು, ದೊರೆಗಳೆಲ್ಲ ಹೊರಟುಹೋದರು, ದಂಡಿನ ಬಂಗಲೆಗಳಿಗೆ ಹೊಸಬರು ಬಂದರು. ಕಾಗದ ಬರಲಿಲ್ಲ. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅಮ್ಮ ತೀರಿಕೊಂಡ ವರ್ಷವೂ ಅಂಜಲೆ ಬಂದಳು. ಕಾಫಿ ಕುಡಿದಳು. ಹುಡುಗನ ತಲೆ ಸವರಿದಳು. ಕೇಳುವವರು ಯಾರೂ ಇರಲಿಲ್ಲ. ಹೊರಡಲು ಎದ್ದವಳು ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ನೋಡಿದಳು.

"ಸಾಮಿ, ಈಗ ಬಾಬಾಗೆ ಮೀಸೆ ಬಂದಿರುತ್ತೆ ಅಲ್ವಾ?"

"ಬಂದಿರುತ್ತೆ ಅಂಜಲೆ" ಅಂದೆ. "ಇನ್ನೂ ತೆಳುವಾಗಿ. ಹೊಂಬಣ್ಣದ್ದು."

ತಲೆದೂಗಿ, ಸೆರಗು ಹೊದ್ದುಕೊಂಡು ಹೋದಳು.

ನಾನು ಒಳಗೆ ಬಂದಾಗ ಜಾನಕಿ ಕಿಟಕಿಯ ಹತ್ತಿರ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೀದಿಯಲ್ಲಿ ಶಾಲೆ ಬಿಟ್ಟು ಹೆಣ್ಣುಮಕ್ಕಳು ಹೋಗುತ್ತಿದ್ದರು. ಅವರ ಕಡೆ ನೋಡುತ್ತಲೇ ಅಂದಳು:

"ಅವಳಿದ್ದಿದ್ರೆ ಈಗ ಎರಡು ಜಡೆ ಹಾಕೋ ವಯಸ್ಸು."

ಇಷ್ಟು ವರ್ಷ ನನ್ನಲ್ಲಿ ಇಲ್ಲದ ಮಾತು ಅದು ಹೇಗೋ ಬಂತು. ಅಮ್ಮನಿಂದ ಕಲಿತದ್ದೇ ಇರಬೇಕು.

"ಹೂಂ" ಅಂದೆ. "ನಿನ್ನ ಹಾಗೇ ದಟ್ಟ ಕೂದಲು. ಬೆಳಗ್ಗೆ ಬಾಚೋಕೆ ಕೂತರೆ ಶಾಲೆಗೆ ಹೊತ್ತಾಗಿಬಿಡ್ತಿತ್ತು."

ಜಾನಕಿ ನನ್ನ ಕಡೆ ತಿರುಗಲಿಲ್ಲ. "ರಿಬ್ಬನ್ನು ಕೆಂಪೇ ಬೇಕು ಅನ್ನೋಳು" ಅಂದಳು.

ನಾವು ಹಾಗೇ ನಿಂತಿದ್ದೆವು. ಬೀದಿಯ ಮಕ್ಕಳೆಲ್ಲ ಮನೆ ಸೇರುವವರೆಗೂ.